33 ಇಂಚಿನ ಟೈರ್ ಕೊಳ್ಳುವ ಮುಂಚೆ: ಜೀಪ್ ರಾಂಗ್ಲರ್ ಟಿಜೆಗೆ ಆಕ್ಸಲ್, ಗೇರ್ ಬದಲಿಸುವ ಸಮಗ್ರ ಮಾರ್ಗದರ್ಶಿ

ದೊಡ್ಡ ಟೈರ್ ಹಾಕುವುದು ಒಂದು ಶನಿವಾರದ ಕೆಲಸ. ಆ ಟೈರನ್ನು ಗಾಡಿ ಸರಾಗವಾಗಿ ಎಳೆಯುವ ಹಾಗೆ ಮಾಡುವುದು ನಾಲ್ಕು ವಾರಾಂತ್ಯದ ಕೆಲಸ. ನಾನು ಮೊದಲನೆಯದನ್ನು ಮಾಡಿ, ಎರಡನೆಯದನ್ನು ಆಮೇಲೆ ನೋಡಿಕೊಂಡರಾಯಿತು ಅಂತ ಬಿಟ್ಟಿದ್ದೆ. ಗಾಡಿ 2001ರ ರಾಂಗ್ಲರ್ ಟಿಜೆ, 4.0 ಲೀಟರ್ ಎಂಜಿನ್, ಐದು ಗೇರಿನ ಮ್ಯಾನುಯಲ್, ಕಂಪನಿಯಿಂದ ಬಂದ 3.07 ಆಕ್ಸಲ್ ಗೇರು (ಚಕ್ರ ಒಂದು ಸುತ್ತು ಹಾಕಲು ಪ್ರೊಪೆಲ್ಲರ್ ಶಾಫ್ಟ್ 3.07 ಸುತ್ತು ಹಾಕಬೇಕು ಅಂತ ಅರ್ಥ, ಇದೇ ಆಕ್ಸಲ್ ರೇಷಿಯೊ). ಇಲ್ಲಿ ಕೊಲರಾಡೊದಲ್ಲಿ ಡೆನ್ವರ್‌ನಿಂದ ಪಶ್ಚಿಮಕ್ಕೆ ಹೋದರೆ ಐ-70 ಹೆದ್ದಾರಿ ಏರುತ್ತಾ ಏರುತ್ತಾ 11,000 ಅಡಿ ಎತ್ತರದ ಐಸೆನ್‌ಹೋವರ್ ಸುರಂಗಕ್ಕೆ ಹೋಗುತ್ತದೆ. ಟೈರ್ ಹಾಕಿದ ಮೊದಲ ವಾರವೇ ಆ ಏರಿನಲ್ಲಿ ಐದನೇ ಗೇರಿನಲ್ಲಿ ಗಾಡಿ ಎಳೆಯಲಿಲ್ಲ, ನಾಲ್ಕನೆಯದರಲ್ಲೂ ಎಳೆಯಲಿಲ್ಲ, ಕೊನೆಗೆ ಮೂರನೇ ಗೇರಿನಲ್ಲಿ ಲಾರಿಗಳ ಸಾಲಿನ ಹಿಂದೆ ತೆವಳುತ್ತಾ ಮೇಲೆ ಬಂದೆ. ಎಂಜಿನ್‌ಗೆ ಏನೂ ಆಗಿರಲಿಲ್ಲ. ಅದು ಕೆಲಸ ಮಾಡಬೇಕಾದ ವೇಗದಲ್ಲಿ ತಿರುಗುವುದಕ್ಕೆ ಗೇರು ಬಿಡುತ್ತಿರಲಿಲ್ಲ, ಅಷ್ಟೇ.

ಹಾಗಾಗಿ ಇಲ್ಲಿ ಬರೆದಿರುವ ಕ್ರಮದಲ್ಲೇ ಮಾಡಿ ಅಂತ ಕೇಳಿಕೊಳ್ಳುತ್ತೇನೆ. ಮೊದಲು ಲೆಕ್ಕ, ಆಮೇಲೆ ಆಕ್ಸಲ್, ಆಮೇಲೆ ಗೇರು. ಟೈರು ಎಲ್ಲಕ್ಕಿಂತ ಕೊನೆಗೆ. ನಾನು ಟಿಜೆಯನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇನೆ, ಯಾಕೆಂದರೆ ನನ್ನ ಕೈ ಕಪ್ಪಾಗಿರುವುದು ಅದರಲ್ಲೇ. ಬೇರೆ ಗಾಡಿಗೂ ಕ್ರಮ ಇದೇ, ಅಂಕಿಗಳು ಮಾತ್ರ ಬೇರೆ.

ಹೆಜ್ಜೆ 1: ಪೇಪರ್ ತೆಗೆದುಕೊಂಡು ಲೆಕ್ಕ ಹಾಕಿ

ಟೈರ್ ದೊಡ್ಡದಾದಷ್ಟೂ ಒಂದು ಸುತ್ತಿಗೆ ಗಾಡಿ ಜಾಸ್ತಿ ದೂರ ಹೋಗುತ್ತದೆ. ಅಂದರೆ ಅದೇ ವೇಗಕ್ಕೆ ಎಂಜಿನ್ ಕಡಿಮೆ ಸುತ್ತುತ್ತದೆ. ಮೇಲ್ನೋಟಕ್ಕೆ ಪೆಟ್ರೋಲ್ ಉಳಿಯಬೇಕು ಅನಿಸುತ್ತದೆ ಅಲ್ವಾ? ಉಳಿಯುವುದಿಲ್ಲ. ಎಂಜಿನ್ ಬಲ ಇಲ್ಲದ ಜಾಗದಲ್ಲಿ ತಿರುಗುತ್ತದೆ, ನೀವು ಆಕ್ಸಿಲರೇಟರ್ ಒತ್ತುತ್ತಲೇ ಇರುತ್ತೀರಿ.

ಸೂತ್ರ ಸುಲಭ. ಕಿಲೋಮೀಟರ್ ಲೆಕ್ಕದ ವೇಗವನ್ನು 209ರಿಂದ ಗುಣಿಸಿ, ಅದನ್ನು ಆಕ್ಸಲ್ ರೇಷಿಯೊದಿಂದ ಗುಣಿಸಿ, ಮತ್ತೆ ಗೇರ್‌ಬಾಕ್ಸಿನ ಆ ಗೇರಿನ ರೇಷಿಯೊದಿಂದ ಗುಣಿಸಿ, ಬಂದದ್ದನ್ನು ಟೈರಿನ ಎತ್ತರದಿಂದ ಭಾಗಿಸಿ, ಎತ್ತರ ಇಂಚಿನಲ್ಲಿರಲಿ. ಸಿಗುವುದು ಎಂಜಿನ್ನಿನ ಆರ್‌ಪಿಎಂ. ನನ್ನ ಗಾಡಿಯ ಎನ್‌ವಿ3550 ಗೇರ್‌ಬಾಕ್ಸಿನಲ್ಲಿ ಐದನೇ ಗೇರು 0.78. ಗಂಟೆಗೆ 105 ಕಿಲೋಮೀಟರಿನಲ್ಲಿ, ಕಂಪನಿಯ 215/75 ಆರ್15 ಟೈರು (27.7 ಇಂಚು) ಮತ್ತು 3.07 ಇದ್ದಾಗ ಸುಮಾರು 1,900 ಆರ್‌ಪಿಎಂ. ಅದೇ ಗೇರಿಗೆ 33 ಇಂಚಿನ ಟೈರ್ ಹಾಕಿದರೆ ಸುಮಾರು 1,590. ಈ 4.0 ಎಂಜಿನ್ನಿನ ಟಾರ್ಕ್ ಶಿಖರ, ಅಂದರೆ ಎಳೆಯುವ ಬಲ ಅತಿ ಹೆಚ್ಚು ಸಿಗುವ ಜಾಗ, ಇರುವುದು 3,200ರ ಹತ್ತಿರ. 1,590ರಲ್ಲಿ ಬೆಟ್ಟ ಹತ್ತು ಅಂದರೆ ಅದು ಎಲ್ಲಿ ಹತ್ತಬೇಕು!

ಈಗ 4.56 ಹಾಕಿ ನೋಡಿ, ಸುಮಾರು 2,360. 4.88 ಹಾಕಿದರೆ ಸುಮಾರು 2,530. ನಾನು 4.56 ಆರಿಸಿದೆ. ವಾರಕ್ಕೆ ಐದು ದಿನ ಇದೇ ಗಾಡಿಯಲ್ಲಿ ಕೆಲಸಕ್ಕೆ ಹೋಗುತ್ತೇನೆ, ಮುಂದೆ 35ಕ್ಕೆ ಹೋಗುವ ಆಸೆ ನನಗಿಲ್ಲ. ನಿಮಗೆ ಆ ಆಸೆ ಇದ್ದರೆ ಈಗಲೇ 4.88 ಹಾಕಿ, ಎರಡು ಸಲ ಈ ಕೆಲಸ ಮಾಡುವುದು ಯಾರಿಗೂ ಬೇಡ. ಕೊನೆಯ ವರ್ಷಗಳ ಟಿಜೆಯ ನಾಲ್ಕು ಗೇರಿನ 42ಆರ್‌ಎಲ್‌ಇ ಆಟೊಮ್ಯಾಟಿಕ್ ಇದ್ದವರಂತೂ 33ಕ್ಕೂ 4.88 ತೆಗೆದುಕೊಳ್ಳುವುದೇ ಸರಿ, ಅದರ ಕೊನೆಯ ಗೇರು 0.69, ತೀರಾ ಉದ್ದ, ಅಂದರೆ ಎಂಜಿನ್ ತೀರಾ ಮೆಲ್ಲಗೆ ತಿರುಗುತ್ತದೆ.

ಬರೀ ಅನುಪಾತದ ಲೆಕ್ಕ ನೆಚ್ಚಿಕೊಳ್ಳಬೇಡಿ. ಹಳೆ ಟೈರ್ 27.7, ಹೊಸದು 33, ಹಾಗಾಗಿ 3.07 ಇದ್ದದ್ದು 3.66 ಆದರೆ ಸಾಕು ಅಂತ ಅದು ಹೇಳುತ್ತದೆ. ಸಾಕಾಗುವುದಿಲ್ಲ. ಹೊಸ ಟೈರ್ ಎತ್ತರ ಮಾತ್ರ ಅಲ್ಲ, ತೂಕವೂ ಜಾಸ್ತಿ, ಅಗಲವೂ ಜಾಸ್ತಿ, ಗಾಡಿ ಗಾಳಿಗೂ ಜಾಸ್ತಿ ಸಿಗುತ್ತದೆ. 3.07 ಅನ್ನೋದು ಮೊದಲೇ ಮೈಲೇಜಿಗೋಸ್ಕರ ಕಂಪನಿ ಹಾಕಿದ ಉದ್ದದ ಗೇರು.

ಬಂಡೆಯ ಮೇಲೆ ಇದರ ಫಲ ಇನ್ನೂ ಚೆನ್ನಾಗಿ ಕಾಣಿಸುತ್ತದೆ. ಮೊದಲನೇ ಗೇರು 4.01, ಎನ್‌ಪಿ231 ಟ್ರಾನ್ಸ್‌ಫರ್ ಕೇಸಿನ (ಬಲವನ್ನು ಹಿಂದಿನ, ಮುಂದಿನ ಆಕ್ಸಲ್‌ಗೆ ಹಂಚುವ ಪೆಟ್ಟಿಗೆ) ಲೋ 2.72, ಆಕ್ಸಲ್ 3.07. ಮೂರನ್ನೂ ಗುಣಿಸಿದರೆ 33.5. ಇದಕ್ಕೆ ಕ್ರಾಲ್ ರೇಷಿಯೊ ಅಂತಾರೆ. 4.56ರಲ್ಲಿ ಅದು 49.7 ಆಗುತ್ತದೆ. ಕ್ಲಚ್ ಸುಟ್ಟ ವಾಸನೆ ಬರದೆ, ಕಾಲು ಬ್ರೇಕಿನ ಮೇಲೂ ಇಡದೆ, ಗಾಡಿ ತಾನೇ ಮೆಲ್ಲಗೆ ಕಲ್ಲಿನ ಮೇಲಿಂದ ಇಳಿಯುವುದನ್ನು ಮೊದಲ ಸಲ ನೋಡಿದಾಗ ಆದ ಖುಷಿ ಇನ್ನೂ ನೆನಪಿದೆ.

ಬೆಂಗಳೂರಲ್ಲಿ ಥಾರ್ ಇಟ್ಟುಕೊಂಡಿರುವ ಗೆಳೆಯರು ಇದನ್ನೇ ತಮ್ಮ ಗಾಡಿಗೆ ಮಾಡಬಹುದಾ ಅಂತ ಕೇಳುತ್ತಾರೆ. ಲೆಕ್ಕ ಅಲ್ಲಿಗೂ ಹೊಂದುತ್ತದೆ, ಕಾನೂನು ಹೊಂದುವುದಿಲ್ಲ. ಭಾರತದ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅಮೆರಿಕದಲ್ಲೂ ಗಾಡಿ ಎಷ್ಟು ಎತ್ತರಿಸಬಹುದು, ಟೈರ್ ಎಷ್ಟು ಹೊರಗೆ ಚಾಚಬಹುದು ಅನ್ನುವ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಿಮ್ಮ ರಾಜ್ಯದ್ದನ್ನು ಮೊದಲೇ ನೋಡಿಕೊಳ್ಳಿ, ವಿಮೆಯವರಿಗೂ ತಿಳಿಸಿ.

ಹೆಜ್ಜೆ 2: ನಿಮ್ಮ ಗಾಡಿಯ ಕೆಳಗೆ ಏನಿದೆ ಅಂತ ನೋಡಿ

ಎಲ್ಲಾ ಟಿಜೆಗೂ ಮುಂದೆ ಡಾನಾ 30 ಆಕ್ಸಲ್ (ಡಾನಾ ತಯಾರಿಸಿದ ಕಂಪನಿ, 30 ಮಾದರಿಯ ಸಂಖ್ಯೆ), ರೂಬಿಕಾನ್ ಅನ್ನುವ ಆವೃತ್ತಿ ಒಂದನ್ನು ಬಿಟ್ಟು. 2003ರಿಂದ 2006ರ ರೂಬಿಕಾನ್‌ಗೆ ಹಿಂದೆ ಮುಂದೆ ಎರಡೂ ಡಾನಾ 44, ಲಾಕರ್ (ಎರಡೂ ಬದಿಯ ಚಕ್ರ ಒಟ್ಟಿಗೇ ತಿರುಗುವ ಹಾಗೆ ಬೀಗ ಹಾಕುವ ಸಾಧನ) ಸಮೇತ, 4.10 ಗೇರು. ಉಳಿದವಕ್ಕೆ ಹಿಂದೆ ಹೆಚ್ಚಾಗಿ ಡಾನಾ 35, ಕೆಲವಕ್ಕೆ ಡಾನಾ 44. ಗುರುತಿಸಲು ಗಾಡಿ ಎತ್ತುವುದೂ ಬೇಡ. ಹಿಂದೆ ಬಗ್ಗಿ ನೋಡಿ. ಡಿಫರೆನ್ಷಿಯಲ್ (ಆಕ್ಸಲ್ ನಡುವೆ ಗೇರುಗಳಿರುವ ಉಬ್ಬು) ಕವರ್ ಮೊಟ್ಟೆಯಾಕಾರ ಇದ್ದು ಎಣ್ಣೆ ತುಂಬುವ ಜಾಗದಲ್ಲಿ ರಬ್ಬರ್ ಬಿರಡೆ ಇದ್ದರೆ ಅದು 35. ತಿರುಪಿನ ಲೋಹದ ಬಿರಡೆ ಇದ್ದು ಕವರ್ ಮೂಲೆ ಮೂಲೆಯಾಗಿದ್ದರೆ 44.

ರೇಷಿಯೊ ಕವರಿನ ಬೋಲ್ಟಿಗೆ ಸಿಕ್ಕಿಸಿರುವ ಪುಟ್ಟ ತಗಡಿನ ಮೇಲೆ ಇರುತ್ತದೆ. ತಗಡು ಬಿದ್ದುಹೋಗಿದ್ದರೆ ಕವರ್ ಬಿಚ್ಚಿ, ಒಳಗಿನ ದೊಡ್ಡ ಹಲ್ಲಿನ ಚಕ್ರವಾದ ಕ್ರೌನ್ ವೀಲಿನ ಅಂಚಿನಲ್ಲಿ ಹಲ್ಲಿನ ಸಂಖ್ಯೆ ಕೊರೆದಿರುತ್ತಾರೆ. ಕ್ರೌನಿಗೆ 41, ಅದನ್ನು ತಿರುಗಿಸುವ ಚಿಕ್ಕ ಪಿನಿಯನ್‌ಗೆ 11 ಇದ್ದರೆ ಭಾಗಿಸಿ, 3.73. ಹೊಸದರಲ್ಲಿ 41 ಮತ್ತು 9 ಇದ್ದರೆ 4.56. ಊರಲ್ಲಿ ನಮ್ಮ ಮೆಕ್ಯಾನಿಕ್‌ಗಳು ಇದನ್ನು ಕ್ರೌನ್ ಪಿನಿಯನ್ ಅಂತಾರೆ, ಇಲ್ಲಿಯವರು ರಿಂಗ್ ಅಂಡ್ ಪಿನಿಯನ್ ಅಂತಾರೆ. ಎರಡೂ ಒಂದೇ. ನಾನು ಕ್ರೌನ್ ಅಂತಲೇ ಬರೆಯುತ್ತೇನೆ.

ಈಗ ಮುಖ್ಯ ಪ್ರಶ್ನೆ, ಆಕ್ಸಲ್ ತಡೆಯುತ್ತದಾ? ಡಾನಾ 30 ಆಕ್ಸಲ್ 33 ಇಂಚಿನ ಟೈರಿಗೆ ಆರಾಮಾಗಿ ತಡೆಯುತ್ತದೆ. ಕ್ರೋಮೊಲಿ ಉಕ್ಕಿನ ಶಾಫ್ಟ್ ಹಾಕಿ, ಕಾಲು ಹಗುರ ಇಟ್ಟರೆ 35ಕ್ಕೂ ಓಡಿಸುವವರಿದ್ದಾರೆ. ಡಾನಾ 35 ಬೇರೆ ಕಥೆ. ಅದರ ಕ್ರೌನ್ ಸುಮಾರು 7.6 ಇಂಚು, ಶಾಫ್ಟಿಗೆ 27 ಸ್ಪ್ಲೈನ್ (ತುದಿಯಲ್ಲಿ ಕೊರೆದ ಹಲ್ಲುಗಳು), ಜೊತೆಗೆ ಚಕ್ರವನ್ನು ಒಳಗೆ ಹಿಡಿದಿಡುವುದು ಶಾಫ್ಟಿನ ತುದಿಯ ಒಂದು ಸಿ-ಕ್ಲಿಪ್. ಶಾಫ್ಟ್ ಮುರಿದರೆ ಚಕ್ರ ಶಾಫ್ಟ್ ಸಮೇತ ಹೊರಗೆ ಜಾರುತ್ತದೆ. ಲಾಕರ್ ಇಲ್ಲದೆ, ಸಮಾಧಾನವಾಗಿ ಓಡಿಸುವವರಿಗೆ 31, 32ರವರೆಗೆ ಪರವಾಗಿಲ್ಲ. 33 ಮತ್ತು ಲಾಕರ್ ಎರಡೂ ಬೇಕು ಅಂದರೆ ಅದರ ಮೇಲೆ ದುಡ್ಡು ಸುರಿಯಬೇಡಿ. ಬೇರೆ ಆಕ್ಸಲ್ಲೇ ಹಾಕಿ. 37ರ ಮೇಲೆ ಹೋಗುವವರು ಡಾನಾ 60ರ ಲೋಕಕ್ಕೆ ಹೋಗುತ್ತೀರಿ, ಅಲ್ಲಿ ತೂಕ, ಖರ್ಚು, ಬ್ರೇಕು ಎಲ್ಲವೂ ಬೇರೆ, ಅದು ಈ ಬರಹಕ್ಕೆ ಸೇರಿದ್ದಲ್ಲ.

ಬದಲಿಗೆ ನಾನು ಹಾಕಿದ್ದು 1995ರಿಂದ 2001ರ ನಡುವಿನ ಫೋರ್ಡ್ ಎಕ್ಸ್‌ಪ್ಲೋರರಿನ ಹಿಂದಿನ ಆಕ್ಸಲ್, ಎಲ್ಲರೂ 8.8 ಅಂತ ಕರೆಯುವುದು. ಕ್ರೌನ್ 8.8 ಇಂಚು, ಶಾಫ್ಟಿಗೆ 31 ಸ್ಪ್ಲೈನ್, ಡಿಸ್ಕ್ ಬ್ರೇಕ್ ಜೊತೆಗೇ ಬರುತ್ತದೆ, ಚಕ್ರದ ಬೋಲ್ಟ್ ಅಳತೆ ಟಿಜೆಯದೇ, 4.5 ಇಂಚಿನ ವೃತ್ತದಲ್ಲಿ ಐದು. ಅಗಲವೂ ಹೆಚ್ಚುಕಡಿಮೆ ಹೊಂದುತ್ತದೆ. ಗುಜರಿ ಯಾರ್ಡುಗಳಲ್ಲಿ ಸಿಗುತ್ತದೆ. ಇದೂ ಸಿ-ಕ್ಲಿಪ್ಪಿನದೇ, ಆದರೆ ಶಾಫ್ಟ್ ದಪ್ಪ ಇರುವುದರಿಂದ 35 ಇಂಚಿನವರೆಗೂ ನೆಮ್ಮದಿ. ಯಾರ್ಡಿನಲ್ಲಿ ಆರಿಸುವಾಗ ತಗಡನ್ನು ನೋಡಿ, 3ಎಲ್73 ಅಂತ ನಡುವೆ ಎಲ್ ಅಕ್ಷರ ಇದ್ದರೆ ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುಮ್ಮನೆ ಸುತ್ತುವುದನ್ನು ತಡೆಯುವ ಏರ್ಪಾಡು) ಇದೆ ಅಂತ ಅರ್ಥ.

ಹೆಜ್ಜೆ 3: ಸಾಮಾನು ಒಟ್ಟುಮಾಡಿ, ಒಂದೂ ಬಿಡದೆ

ಇಲ್ಲಿ ಎಷ್ಟೋ ಜನ ಎಡವುವುದು ಕ್ಯಾರಿಯರ್ ವಿಷಯದಲ್ಲಿ. ಕ್ರೌನ್ ಕೂರುವ ಒಳಗಿನ ಗೂಡೇ ಕ್ಯಾರಿಯರ್. ಡಾನಾ ಆಕ್ಸಲ್‌ಗಳಲ್ಲಿ ಇದು ಎರಡು ಬಗೆಯದು, ಉದ್ದದ ಗೇರಿಗೆ (ಚಿಕ್ಕ ಅಂಕಿ) ಒಂದು, ಗಿಡ್ಡ ಗೇರಿಗೆ (ದೊಡ್ಡ ಅಂಕಿ) ಒಂದು. ಡಾನಾ 30ರಲ್ಲಿ 3.54ರವರೆಗೆ ಒಂದು, 3.73ರಿಂದ ಮುಂದಕ್ಕೆ ಇನ್ನೊಂದು. ಡಾನಾ 44ರಲ್ಲಿ 3.73ರವರೆಗೆ ಒಂದು, 3.92ರಿಂದ ಇನ್ನೊಂದು. ಅಂದರೆ 3.07 ಇದ್ದವರು 4.56 ಗೇರು ಮಾತ್ರ ತಂದರೆ ಅದು ಕೂರುವುದೇ ಇಲ್ಲ, ಹೊಸ ಕ್ಯಾರಿಯರ್ ಬೇಕು. ಲಾಕರ್ ಹಾಕಬೇಕು ಅಂತಿದ್ದರೆ ಸಮಯ ಇದೇ, ಪೂರ್ತಿ ಲಾಕರ್ ತನ್ನದೇ ಕ್ಯಾರಿಯರ್ ಸಮೇತ ಬರುತ್ತದೆ. ಫೋರ್ಡ್ 8.8ಗೆ ಈ ತಲೆನೋವಿಲ್ಲ, ಎಲ್ಲಾ ರೇಷಿಯೊಗೂ ಒಂದೇ ಕ್ಯಾರಿಯರ್.

ಎರಡೂ ಆಕ್ಸಲ್‌ಗೆ ಒಂದೇ ರೇಷಿಯೊ, ಇದು ಎಲ್ಲರಿಗೂ ಗೊತ್ತಿರುವ ಮಾತು, ಆದರೂ ಹೇಳುತ್ತೇನೆ. ಹಿಂದೆ 4.56, ಮುಂದೆ 3.07 ಇಟ್ಟುಕೊಂಡು ಫೋರ್ ವೀಲ್ ಹಾಕಿದರೆ ಟ್ರಾನ್ಸ್‌ಫರ್ ಕೇಸೋ ಶಾಫ್ಟೋ ಮುರಿಯುತ್ತದೆ.

ಗೇರಿನ ಜೊತೆಗೆ ಪೂರ್ತಿ ಮಾಸ್ಟರ್ ಕಿಟ್ ತೆಗೆದುಕೊಳ್ಳಿ, ಬೇರಿಂಗ್, ರೇಸ್ (ಬೇರಿಂಗ್ ಕೂರುವ ಹೊರಬಳೆ), ಶಿಮ್ (ಅಳತೆ ಹೊಂದಿಸುವ ತೆಳು ಬಿಲ್ಲೆ), ಕ್ರಶ್ ಸ್ಲೀವ್, ಪಿನಿಯನ್ ಸೀಲ್, ಹೊಸ ಪಿನಿಯನ್ ನಟ್, ಹೊಸ ಕ್ರೌನ್ ಬೋಲ್ಟ್, ಹಲ್ಲಿಗೆ ಹಚ್ಚುವ ಹಳದಿ ಬಣ್ಣ ಎಲ್ಲ ಇರುವಂಥದ್ದು. ಹಳೆ ಬೇರಿಂಗ್ ಉಳಿಸಿ ಹಣ ಉಳಿಸುವ ಜಾಗ ಇದಲ್ಲ. ಸಾಧನಗಳಲ್ಲಿ ಡಯಲ್ ಗೇಜ್ ಬೇಕೇ ಬೇಕು, ಅಯಸ್ಕಾಂತದ ಕಾಲಿನದು. ಇಂಚು-ಪೌಂಡ್ ತೋರಿಸುವ ಮುಳ್ಳಿನ ಟಾರ್ಕ್ ವ್ರೆಂಚ್ ಬೇಕು, ಟಕ್ ಅನ್ನುವಂಥದ್ದು ಈ ಕೆಲಸಕ್ಕೆ ಬರುವುದಿಲ್ಲ. ಮೈಕ್ರೋಮೀಟರ್, ಬೇರಿಂಗ್ ಪುಲ್ಲರ್, ಪ್ರೆಸ್, 36 ಎಂಎಂ ಸಾಕೆಟ್, ಗಟ್ಟಿ ಜ್ಯಾಕ್ ಸ್ಟ್ಯಾಂಡ್ ನಾಲ್ಕು. ಪ್ರೆಸ್ ಇಲ್ಲದವರು ಬೇರಿಂಗ್ ಒತ್ತಿಸಲು ಯಾವುದಾದರೂ ಲೇತ್ ಅಂಗಡಿಗೆ ಹೋದರೂ ನಡೆಯುತ್ತದೆ.

ಹೆಜ್ಜೆ 4: ಹಿಂದಿನ ಆಕ್ಸಲ್ ಸಿದ್ಧಮಾಡಿ, ಗೇರನ್ನು ನೆಲದ ಮೇಲೇ ಕೂರಿಸಿ

ಆಕ್ಸಲ್ ಬದಲಿಸುವವರಿಗೆ ಒಂದು ದೊಡ್ಡ ಅನುಕೂಲ ಇದೆ. ಗಾಡಿಯ ಕೆಳಗೆ ಅಂಗಾತ ಮಲಗಿ ಗೇರು ಕೂರಿಸುವ ಬದಲು, ಹೊಸ ಆಕ್ಸಲನ್ನು ಸ್ಟ್ಯಾಂಡಿನ ಮೇಲೆ ಇಟ್ಟು ಸ್ಟೂಲಿನ ಮೇಲೆ ಕೂತು ಮಾಡಬಹುದು. ಗೇರು ಮುಗಿಯುವ ತನಕ ಗಾಡಿ ಹಳೆ ಆಕ್ಸಲ್ ಮೇಲೆ ಓಡುತ್ತಿರುತ್ತದೆ.

ಆದರೆ ಮೊದಲು ಬೆಸುಗೆ. 8.8ರ ನಡುವಿನ ಗಡಿಗೆ ಎರಕದ ಕಬ್ಬಿಣ, ಎರಡೂ ಕಡೆಯ ಕೊಳವೆ ಉಕ್ಕು, ಕೊಳವೆಯನ್ನು ಒಳಗೆ ತೂರಿಸಿ ಅಲ್ಲಲ್ಲಿ ಮಾತ್ರ ಬೆಸೆದಿರುತ್ತಾರೆ. ದೊಡ್ಡ ಟೈರಿನ ಒತ್ತಡಕ್ಕೆ ಕೊಳವೆ ಒಳಗೇ ತಿರುಗಬಹುದು. ಹಾಗಾಗಿ ಸುತ್ತಲೂ ಬೆಸೆಯಬೇಕು. ಎರಕದ ಕಬ್ಬಿಣವನ್ನು ಮೊದಲು ಬಿಸಿಮಾಡಿ, ನಿಕ್ಕಲ್ ರಾಡಿನಲ್ಲಿ ಸ್ವಲ್ಪ ಸ್ವಲ್ಪವೇ ಬೆಸೆದು, ನಿಧಾನ ಆರಲು ಬಿಡಬೇಕು. ಬೇಗ ಆರಿದರೆ ಬಿರುಕು ಬಿಡುತ್ತದೆ. ಎರಕದ ಕಬ್ಬಿಣ ಬೆಸೆದು ಅಭ್ಯಾಸ ಇಲ್ಲದಿದ್ದರೆ ಇದನ್ನು ಕೈ ಪಳಗಿದ ವೆಲ್ಡರ್‌ಗೇ ಕೊಡಿ, ನಾನೂ ಹಾಗೇ ಮಾಡಿದೆ.

ಟಿಜೆಗೆ ಹಿಂದೆ ಕಾಯಿಲ್ ಸ್ಪ್ರಿಂಗ್, ನಾಲ್ಕು ತೋಳು, ಒಂದು ಟ್ರ್ಯಾಕ್ ಬಾರ್. ಇವಕ್ಕೆಲ್ಲ ಬ್ರ್ಯಾಕೆಟ್ ಹೊಸದಾಗಿ ಬೆಸೆಯಬೇಕು, ಕಿಟ್ ಸಿಗುತ್ತದೆ. ಮೊದಲು ಚುಕ್ಕಿ ಬೆಸುಗೆ ಮಾತ್ರ ಹಾಕಿ. ಗಾಡಿಯ ಕೆಳಗೆ ಸೇರಿಸಿ, ಗಾಡಿಯ ಭಾರ ಪೂರ್ತಿ ಸ್ಪ್ರಿಂಗ್ ಮೇಲೆ ಬಿಟ್ಟು, ಪಿನಿಯನ್ ಯಾವ ಕೋನದಲ್ಲಿದೆ ಅಂತ ಅಳೆದ ಮೇಲೆ ಹೊರತೆಗೆದು ಪೂರ್ತಿ ಬೆಸೆಯಿರಿ. ಎತ್ತರಿಸಿದ ಟಿಜೆಯಲ್ಲಿ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ತುಂಬಾ ಗಿಡ್ಡ, ಕೋನ ಕಡಿದಾಗುತ್ತದೆ. ಅದಕ್ಕೇ ಟ್ರಾನ್ಸ್‌ಫರ್ ಕೇಸಿಗೆ ಸ್ಲಿಪ್ ಯೋಕ್ ಎಲಿಮಿನೇಟರ್ (ಜಾರುವ ಯೋಕ್ ತೆಗೆದು ಉದ್ದದ ಶಾಫ್ಟಿಗೆ ಜಾಗ ಮಾಡುವ ಕಿಟ್) ಹಾಕಿ, ಜೋಡಿ ಜಾಯಿಂಟಿನ ಸಿವಿ ಶಾಫ್ಟ್ ಹಾಕುವುದು. ಆಗ ಪಿನಿಯನ್ ಮೂತಿ ನೇರ ಶಾಫ್ಟಿನ ಕಡೆ ನೋಡಬೇಕು, ಒಂದು ಎರಡು ಡಿಗ್ರಿ ಕೆಳಗೆ ಇರಲಿ, ಓಡುವಾಗ ಅದು ತುಸು ಮೇಲೆ ಏಳುತ್ತದೆ. ಫೋರ್ಡಿನ ಪಿನಿಯನ್ ಫ್ಲ್ಯಾಂಜ್ ದುಂಡಗಿದೆ, ಜೀಪಿನ ಶಾಫ್ಟ್ ಹೊಂದಿಸಲು ಬೇರೆ ಯೋಕ್ ಬೇಕು. ಅದನ್ನು ಈಗಲೇ ಹಾಕಿ, ಯಾಕೆಂದರೆ ಪಿನಿಯನ್ ನಟ್ ಒಮ್ಮೆ ಬಿಗಿಮಾಡಿದ ಮೇಲೆ ಮತ್ತೆ ಬಿಚ್ಚುವ ಹಾಗಿಲ್ಲ.

ಹೆಜ್ಜೆ 5: ಗೇರು ಕೂರಿಸುವುದು

ಇಲ್ಲಿ ನಿಧಾನ ಮಾಡಿ. ಎರಡು ದಿನ ಇಟ್ಟುಕೊಳ್ಳಿ, ರಾತ್ರಿ ಹನ್ನೊಂದಕ್ಕೆ ಸುಸ್ತಾಗಿ ಕೂರಿಸಿದ ಗೇರು ಮುಂದೆ ವರ್ಷಗಟ್ಟಲೆ ಊಳಿಡುತ್ತದೆ.

ಕವರ್ ಬಿಚ್ಚಿ ಎಣ್ಣೆ ಬಸಿದ ಮೇಲೆ, 8.8 ಆದರೆ ಕ್ರಾಸ್ ಪಿನ್ನನ್ನು ಹಿಡಿದಿರುವ ಸಣ್ಣ ಬೋಲ್ಟ್ ಬಿಚ್ಚಬೇಕು. ಈ ಬೋಲ್ಟ್ ಮುರಿಯುವುದಕ್ಕೇ ಹೆಸರುವಾಸಿ. ಸ್ವಲ್ಪ ಬಿಸಿ ಮುಟ್ಟಿಸಿ, ಮೆಲ್ಲಗೆ ತಿರುಗಿಸಿ. ಪಿನ್ ಎಳೆದು, ಶಾಫ್ಟನ್ನು ಒಳಗೆ ತಳ್ಳಿದರೆ ಸಿ-ಕ್ಲಿಪ್ ಕೈಗೆ ಬೀಳುತ್ತದೆ, ಶಾಫ್ಟ್ ಹೊರಗೆ ಬರುತ್ತದೆ. ಕ್ಯಾರಿಯರ್ ಹಿಡಿದಿರುವ ಎರಡು ಬೇರಿಂಗ್ ಕ್ಯಾಪ್‌ಗೆ ಪಂಚಿನಿಂದ ಗುರುತು ಹಾಕಿ, ಎಡದ್ದು ಎಡಕ್ಕೇ, ಮೇಲಿನ ಅಂಚು ಮೇಲೆಯೇ ಬರಬೇಕು. ಅವನ್ನು ಗಡಿಗೆ ಜೊತೆಯಲ್ಲೇ ಕೊರೆದಿರುತ್ತಾರೆ, ಅದಲುಬದಲಾದರೆ ಬೇರಿಂಗ್ ಹಾಳು. ಅಕ್ಕಪಕ್ಕದ ಶಿಮ್‌ಗಳನ್ನು ಎಡ, ಬಲ ಅಂತ ಬರೆದು ಬೇರೆ ಬೇರೆ ಪೊಟ್ಟಣದಲ್ಲಿ ಇಡಿ. ಫೋರ್ಡಿನ ಕಂಪನಿ ಶಿಮ್ ಎರಕದ್ದು, ಸುತ್ತಿಗೆ ಏಟಿಗೆ ಚೂರಾಗುತ್ತದೆ. ಉಕ್ಕಿನ ಶಿಮ್ ಕಿಟ್ ತಂದಿಡಿ.

ಪಿನಿಯನ್ ಹೊರತೆಗೆದು ಅದರ ಹಳೆ ಶಿಮ್ಮಿನ ದಪ್ಪ ಮೈಕ್ರೋಮೀಟರಿನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಕೆಲವು ಆಕ್ಸಲ್‌ಗಳಲ್ಲಿ ಈ ಶಿಮ್ ಪಿನಿಯನ್ ತಲೆ ಮತ್ತು ಬೇರಿಂಗ್ ನಡುವೆ, ಕೆಲವದರಲ್ಲಿ ರೇಸಿನ ಹಿಂದೆ. ನಿಮ್ಮ ಮೊದಲ ಅಂದಾಜು ಅದೇ ದಪ್ಪ.

ಇನ್ನೊಂದು ಉಪಾಯ, ಇದು ಎಷ್ಟು ಕಷ್ಟ ಉಳಿಸಿತು ಅಂದರೆ ಹೇಳಲಾರೆ. ಹಳೆ ಬೇರಿಂಗ್ ಎಸೆಯಬೇಡಿ. ಅದರ ಒಳಗಿನ ತೂತನ್ನು ಗ್ರೈಂಡರಿನಲ್ಲಿ ತುಸು ಉಜ್ಜಿ, ಕೈಯಲ್ಲೇ ಜಾರಿ ಒಳಗೆ ಹೊರಗೆ ಬರುವ ಹಾಗೆ ಮಾಡಿ. ಶಿಮ್ ಬದಲಿಸುತ್ತಾ ಐದಾರು ಸಲ ಬಿಚ್ಚಿ ಕೂರಿಸಬೇಕಾಗುತ್ತದೆ, ಪ್ರತಿ ಸಲ ಹೊಸ ಬೇರಿಂಗ್ ಕೀಳುತ್ತಾ ಹೋದರೆ ಅದು ಹಾಳಾಗುತ್ತದೆ. ಕೊನೆಯ ಸಲ ಮಾತ್ರ ಹೊಸದನ್ನು ಪ್ರೆಸ್ಸಿನಲ್ಲಿ ಒತ್ತಿ.

ಪಿನಿಯನ್ನನ್ನು ಕ್ರಶ್ ಸ್ಲೀವ್ ಇಲ್ಲದೆ, ಹಳೆ ನಟ್ಟಿನಲ್ಲಿ, ಆಟ ಹೋಗುವಷ್ಟು ಮಾತ್ರ ಬಿಗಿಮಾಡಿ. ಹೊಸ ಕ್ರೌನನ್ನು ಕ್ಯಾರಿಯರ್‌ಗೆ ಹೊಸ ಬೋಲ್ಟ್, ಕೆಂಪು ಲಾಕ್‌ಟೈಟ್ ಹಾಕಿ ಎದುರುಬದುರಾಗಿ ಬಿಗಿಮಾಡಿ. ಕ್ಯಾರಿಯರ್ ಕೂರಿಸಿ. ಈಗ ಡಯಲ್ ಗೇಜಿನ ಮೊನೆಯನ್ನು ಕ್ರೌನಿನ ಒಂದು ಹಲ್ಲಿಗೆ ತಾಗಿಸಿ, ಪಿನಿಯನ್ ಅಲುಗಾಡದ ಹಾಗೆ ಹಿಡಿದು, ಕ್ರೌನನ್ನು ಹಿಂದೆ ಮುಂದೆ ಮಾಡಿ. ಮುಳ್ಳು ಎಷ್ಟು ಓಡುತ್ತದೋ ಅದು ಬ್ಯಾಕ್‌ಲ್ಯಾಶ್, ಹಲ್ಲುಗಳ ನಡುವಿನ ಸಡಿಲ. ಟಿಜೆಯ ಡಾನಾ 30ಗೆ ಕಂಪನಿ ಕೈಪಿಡಿ ಹೇಳುವುದು 0.005ರಿಂದ 0.008 ಇಂಚು. ಹೊರಗಿನ ಗೇರು ತಂದರೆ ಅದರ ಜೊತೆ ಬಂದ ಚೀಟಿಯ ಅಳತೆಯೇ ಕೊನೆ, ಸಾಮಾನ್ಯವಾಗಿ 0.006ರಿಂದ 0.010. ಕ್ರೌನಿನ ಸುತ್ತ ನಾಲ್ಕು ಕಡೆ ಅಳೆಯಿರಿ. ನಾಲ್ಕರ ನಡುವೆ 0.002ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಕ್ರೌನ್ ಕೆಳಗೆ ಕಸವೋ ಅಂಚಿನ ಮುಳ್ಳೋ ಸಿಕ್ಕಿದೆ, ಬಿಚ್ಚಿ ಒರೆಸಿ. ಸಡಿಲ ಜಾಸ್ತಿ ಇದ್ದರೆ ಒಂದು ಬದಿಯ ಶಿಮ್ ತೆಗೆದು ಇನ್ನೊಂದು ಬದಿಗೆ ಹಾಕಿ ಕ್ರೌನನ್ನು ಪಿನಿಯನ್ ಕಡೆ ಸರಿಸಿ. 0.010 ಇಂಚು ಶಿಮ್ ಸರಿಸಿದರೆ ಬ್ಯಾಕ್‌ಲ್ಯಾಶ್ ಸುಮಾರು 0.007 ಬದಲಾಗುತ್ತದೆ.

ಆಮೇಲೆ ಹಳದಿ ಬಣ್ಣ. ಗಟ್ಟಿ ಮೊಸರಿನ ಹದದ ಈ ಬಣ್ಣವನ್ನು ಬ್ರಷ್ಷಿನಲ್ಲಿ ಕ್ರೌನಿನ ಮೂರು ನಾಲ್ಕು ಹಲ್ಲುಗಳ ಎರಡೂ ಮಗ್ಗುಲಿಗೆ ಹಚ್ಚಿ. ಒಬ್ಬರು ಕ್ರೌನಿಗೆ ಬಟ್ಟೆ ಒತ್ತಿ ತಡೆ ಕೊಡಲಿ, ಇನ್ನೊಬ್ಬರು ಪಿನಿಯನ್ ತಿರುಗಿಸಲಿ, ಆ ಕಡೆಗೂ ಈ ಕಡೆಗೂ. ಹಲ್ಲು ಹಲ್ಲಿಗೆ ಉಜ್ಜಿದ ಜಾಗದಲ್ಲಿ ಬಣ್ಣ ಪಕ್ಕಕ್ಕೆ ಸರಿದು, ಒಂದು ಉದ್ದುದ್ದ ಮೊಟ್ಟೆಯಾಕಾರದ ಲೋಹದ ಹೊಳಪು ಕಾಣುತ್ತದೆ, ಸುತ್ತ ಹಳದಿ ಏರಿ ನಿಂತಿರುತ್ತದೆ. ನಿಮಗೆ ಬೇಕಾದದ್ದು ಈ ಗುರುತು ಹಲ್ಲಿನ ತಲೆ ಮತ್ತು ಬುಡದ ನಡುವೆ ಮಧ್ಯದಲ್ಲಿರುವುದು. ಬುಡಕ್ಕೆ ಇಳಿದಿದ್ದರೆ ಪಿನಿಯನ್ ತುಂಬಾ ಒಳಗಿದೆ, ಶಿಮ್ ತೆಳುಮಾಡಿ. ತಲೆಯ ಅಂಚಿಗೆ ಏರಿದ್ದರೆ ಪಿನಿಯನ್ ದೂರ ಇದೆ, ಶಿಮ್ ದಪ್ಪಮಾಡಿ. ಮೊದಲು 0.005ರಂತೆ, ಹತ್ತಿರ ಬಂದ ಮೇಲೆ 0.002ರಂತೆ ಬದಲಿಸಿ. ಪ್ರತಿ ಸಲ ಶಿಮ್ ಬದಲಿಸಿದಾಗ ಬ್ಯಾಕ್‌ಲ್ಯಾಶ್ ಮತ್ತೆ ಸರಿಮಾಡಿಯೇ ಗುರುತು ನೋಡಬೇಕು, ಇಲ್ಲದಿದ್ದರೆ ಗುರುತು ಸುಳ್ಳು ಹೇಳುತ್ತದೆ. ಗುರುತು ಹಲ್ಲಿನ ಉದ್ದಕ್ಕೆ ಸ್ವಲ್ಪ ಒಳತುದಿಗೋ ಹೊರತುದಿಗೋ ಇದ್ದರೆ ತಲೆಕೆಡಿಸಿಕೊಳ್ಳಬೇಡಿ, ಮುಖ್ಯ ಆಳ. ಪ್ರತಿ ಸಲ ಫೋಟೊ ತೆಗೆದು ಪಕ್ಕದಲ್ಲಿ ಶಿಮ್ ಅಳತೆ ಬರೆದಿಡಿ. ನಾನು ಹಿಂದಿನದಕ್ಕೆ ಏಳು ಸಲ ಬಿಚ್ಚಿದೆ, ಮುಂದಿನದಕ್ಕೆ ಮೂರೇ ಸಲ.

ಗುರುತು ಸರಿಬಂದ ಮೇಲೆ ಕೊನೆಯ ಜೋಡಣೆ. ಹೊಸ ಬೇರಿಂಗ್, ಹೊಸ ಕ್ರಶ್ ಸ್ಲೀವ್, ಹೊಸ ಸೀಲ್, ಹೊಸ ನಟ್. ಕ್ರಶ್ ಸ್ಲೀವ್ ಅಂದರೆ ನಟ್ ಬಿಗಿಮಾಡಿದಂತೆ ಕುಗ್ಗುವ ಒಂದು ಉಕ್ಕಿನ ಬಳೆ. ಅದು ಕುಗ್ಗಲು ಶುರುವಾಗುವ ತನಕ ಸಿಕ್ಕಾಪಟ್ಟೆ ಬಲ ಬೇಕು, ಉದ್ದನೆ ಪೈಪು ಸಿಕ್ಕಿಸಿ ಮೈಭಾರ ಹಾಕಬೇಕು. ಶುರುವಾದ ಮೇಲೆ ಕೂದಲೆಳೆಯಷ್ಟು ತಿರುಗಿಸಿದರೂ ಬಿಗಿ ಏರುತ್ತದೆ. ಸ್ವಲ್ಪ ತಿರುಗಿಸಿ, ಮುಳ್ಳಿನ ವ್ರೆಂಚಿನಲ್ಲಿ ಪಿನಿಯನ್ ಸುತ್ತಿಸಿ ಅಳೆಯಿರಿ, ಮತ್ತೆ ಸ್ವಲ್ಪ. ಡಾನಾ 30ಗೆ ಹೊಸ ಬೇರಿಂಗಿನಲ್ಲಿ 15ರಿಂದ 35 ಇಂಚು-ಪೌಂಡ್. ಇದೇ ಪ್ರಿಲೋಡ್. ನನ್ನ ಮೊದಲ ಸ್ಲೀವಿನಲ್ಲಿ 12 ತೋರಿಸುತ್ತಿತ್ತು, ಇನ್ನೊಂದು ಸಲ ಜೋರಾಗಿ ಎಳೆದೆ, 50 ದಾಟಿತು. ಆಗ ನಟ್ ಸಡಿಲಿಸಿ ಹಿಂದಕ್ಕೆ ತಂದರೆ ಆಯಿತಲ್ಲ ಅನಿಸುತ್ತದೆ. ಹಾಗೆ ಮಾಡಬಾರದು. ಕುಗ್ಗಿದ ಬಳೆ ಮತ್ತೆ ಏಳುವುದಿಲ್ಲ, ನಟ್ ಸಡಿಲ ಉಳಿಯುತ್ತದೆ. ಬಿಚ್ಚಿ ಹೊಸ ಸ್ಲೀವ್ ಹಾಕಿದೆ. ಅದಕ್ಕೇ ಹೇಳುವುದು, ಸ್ಲೀವ್ ಎರಡು ತಂದಿಟ್ಟುಕೊಳ್ಳಿ.

ಕ್ಯಾರಿಯರ್ ಮತ್ತೆ ಕೂರಿಸುವಾಗ ಎರಡೂ ಬದಿಗೆ ಸಮ ಶಿಮ್ ಸೇರಿಸಿ, ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ ಕೂರಿಸುವಷ್ಟು ಬಿಗಿ ಇರಬೇಕು. ಕೈಯಲ್ಲಿ ಜಾರಿ ಒಳಗೆ ಹೋದರೆ ಸಡಿಲ. ಡಾನಾ 30ರ ಕ್ಯಾಪ್ ಬೋಲ್ಟಿಗೆ 45 ಅಡಿ-ಪೌಂಡ್. ಕೊನೆಗೊಮ್ಮೆ ಬ್ಯಾಕ್‌ಲ್ಯಾಶ್ ಅಳೆದು, ಬಣ್ಣ ಹಚ್ಚಿ ನೋಡಿ, ಆಮೇಲೆ ಮಾತ್ರ ಕವರ್.

ಹೆಜ್ಜೆ 6: ಮುಂದಿನ ಆಕ್ಸಲ್

ಹಿಂದಿನದು ಮುಗಿದು ಮುಂದಿನದು ಬಾಕಿ ಇದ್ದರೆ, ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಟ್ಟು ಟೂ ವೀಲ್‌ನಲ್ಲಿ ಗಾಡಿ ಓಡಿಸಬಹುದು. ಮರೆತು ಲಿವರ್ ಎಳೆದರೂ ಏನೂ ಮುರಿಯುವುದಿಲ್ಲ.

ಡಾನಾ 30 ಬಿಚ್ಚಲು ಚಕ್ರ, ಕ್ಯಾಲಿಪರ್, ಡಿಸ್ಕ್ ತೆಗೆದು, ಚಕ್ರದ ನಡುವಿನ 36 ಎಂಎಂ ನಟ್ ಬಿಚ್ಚಿ. ಕ್ಯಾಲಿಪರನ್ನು ಬ್ರೇಕ್ ಪೈಪಿನಲ್ಲಿ ನೇತಾಡಲು ಬಿಡಬೇಡಿ, ತಂತಿಯಲ್ಲಿ ಕಟ್ಟಿ. ಹಬ್ಬನ್ನು ಹಿಂದಿನಿಂದ ಮೂರು ಬೋಲ್ಟ್ ಹಿಡಿದಿರುತ್ತವೆ, ಹನ್ನೆರಡು ಮೂಲೆಯ 13 ಎಂಎಂ ಸಾಕೆಟ್ ಬೇಕು. ಉಪ್ಪು ಹಾಕುವ ರಸ್ತೆಗಳ ಊರಲ್ಲಿ ಓಡಿದ ಗಾಡಿಯಾದರೆ ಹಬ್ ತುಕ್ಕಿನಲ್ಲಿ ಕಚ್ಚಿಕೊಂಡಿರುತ್ತದೆ, ಹಿಂದಿನ ರಾತ್ರಿಯೇ ಎಣ್ಣೆ ಬಿಡಿ. ಶಾಫ್ಟ್ ಎಳೆದ ಮೇಲೆ ಯು-ಜಾಯಿಂಟಿನ ಕ್ರಾಸನ್ನು ಕೈಯಲ್ಲಿ ಆಡಿಸಿ ನೋಡಿ, ಎಲ್ಲಾದರೂ ಕಚ್ಚಿದರೆ ಬದಲಿಸಿ. ಒಳಗಿನ ಆಕ್ಸಲ್ ಸೀಲ್‌ಗಳು ಕ್ಯಾರಿಯರ್ ಪಕ್ಕದಲ್ಲೇ ಕೂರುತ್ತವೆ, ಕ್ಯಾರಿಯರ್ ಹೊರಗಿದ್ದಾಗ ಮಾತ್ರ ಹಾಕಲು ಬರುತ್ತದೆ. ಹಳೆಯದು ಸೋರದಿದ್ದರೂ ಈಗಲೇ ಹೊಸದು ಹಾಕಿ. ಗೇರು ಕೂರಿಸುವ ಕೆಲಸ ಹಿಂದಿನಂತೆಯೇ. ವಾಪಸ್ ಜೋಡಿಸುವಾಗ ಹಬ್ ಬೋಲ್ಟ್ 75 ಅಡಿ-ಪೌಂಡ್, ನಡುವಿನ ನಟ್ 175, ಕಾಟರ್ ಪಿನ್ ಹೊಸದು.

ಹೆಜ್ಜೆ 7: ಟೈರು, ಸ್ಪೀಡೋಮೀಟರ್, ಬ್ರೇಕು

ಈಗ ಟೈರ್ ಹಾಕಿ. 33ಕ್ಕೆ ಟಿಜೆಯನ್ನು ಸುಮಾರು ನಾಲ್ಕು ಇಂಚು ಎತ್ತರಿಸಬೇಕಾಗುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಒಂದು ಚಕ್ರವನ್ನು ಇಳಿಜಾರಿನ ಹಲಗೆ ಮೇಲೆ ಹತ್ತಿಸಿ, ಟೈರ್ ಎಲ್ಲಿ ಉಜ್ಜುತ್ತದೆ ಅಂತ ನೋಡಿ, ಅದಕ್ಕೆ ತಕ್ಕ ಬಂಪ್ ಸ್ಟಾಪ್ (ಚಕ್ರ ಅತಿಯಾಗಿ ಮೇಲೆ ಏರದಂತೆ ತಡೆಯುವ ತುಂಡು) ಹಾಕಿ. ಹಳೆ ರಿಮ್ಮಿನಲ್ಲಿ ಟೈರ್ ಒಳಗೆ ಕಂಟ್ರೋಲ್ ಆರ್ಮಿಗೆ ಉಜ್ಜುತ್ತದೆ. 15x8 ರಿಮ್, 3.75 ಇಂಚು ಬ್ಯಾಕ್‌ಸ್ಪೇಸಿಂಗ್ (ಹಬ್ಬಿಗೆ ಕೂರುವ ಮುಖದಿಂದ ರಿಮ್ಮಿನ ಒಳ ಅಂಚಿಗಿರುವ ದೂರ) ಇರುವುದು ಚೆನ್ನಾಗಿ ಹೊಂದುತ್ತದೆ.

ಸ್ಪೀಡೋಮೀಟರ್ ಸರಿಮಾಡಲು ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿರುವ ಪುಟ್ಟ ಪ್ಲಾಸ್ಟಿಕ್ ಗೇರು ಬದಲಿಸಬೇಕು. ಟೈರ್ ಎತ್ತರ ಮತ್ತು ರೇಷಿಯೊ ನೋಡಿ ಎಷ್ಟು ಹಲ್ಲಿನದು ಅಂತ ಪಟ್ಟಿ ಸಿಗುತ್ತದೆ. ವಾಪಸ್ ಕೂರಿಸುವಾಗ ಅದರ ಹಿಡಿಕೆಯನ್ನು ಹಲ್ಲಿನ ಸಂಖ್ಯೆಗೆ ತಕ್ಕ ಗುರುತಿಗೆ ತಿರುಗಿಸಿ, ಇಲ್ಲದಿದ್ದರೆ ಹೊಸ ಗೇರು ಸವೆಯುತ್ತದೆ. ಫೋನಿನ ಜಿಪಿಎಸ್ ಜೊತೆ ಹೋಲಿಸಿ ನೋಡಿ.

ಬ್ರೇಕ್ ಬಗ್ಗೆ ಯಾರೂ ಮಾತಾಡುವುದಿಲ್ಲ. 27.7ರಿಂದ 33ಕ್ಕೆ ಹೋದರೆ ನೆಲ ಚಕ್ರವನ್ನು ಹಿಡಿದು ತಿರುಗಿಸುವ ತೋಳು ಶೇ. 19ರಷ್ಟು ಉದ್ದವಾಗುತ್ತದೆ, ಬ್ರೇಕು ಮಾತ್ರ ಹಳೆಯದೇ. ಹಿಂದಿನ ಡಿಸ್ಕ್ ಸ್ವಲ್ಪ ಸಹಾಯ ಮಾಡುತ್ತದೆ. ಖಾಲಿ ಮೈದಾನದಲ್ಲಿ ಮೊದಲು ನಿಧಾನ, ಆಮೇಲೆ ವೇಗದಲ್ಲಿ ಜೋರಾಗಿ ಬ್ರೇಕ್ ಒತ್ತಿ, ಮುಂದಿನ ಚಕ್ರಕ್ಕಿಂತ ಹಿಂದಿನದು ಮೊದಲು ಕಚ್ಚುತ್ತದಾ ನೋಡಿ. ಕಚ್ಚಿದರೆ ಪ್ರೊಪೋರ್ಷನಿಂಗ್ ವಾಲ್ವ್ (ಮುಂದಕ್ಕೆ, ಹಿಂದಕ್ಕೆ ಬ್ರೇಕಿನ ಬಲ ಹಂಚುವುದು) ಸರಿಮಾಡುವ ತನಕ ರಸ್ತೆಗೆ ತರಬೇಡಿ. ಮನೆಯವರನ್ನು ಕೂರಿಸಿಕೊಂಡು ಹೋಗುವ ಗಾಡಿ ಇದು.

ಹೆಜ್ಜೆ 8: ಮೊದಲ 800 ಕಿಲೋಮೀಟರ್

ಹೊಸ ಗೇರಿನ ಹಲ್ಲುಗಳು ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳುವಾಗ ತುಂಬಾ ಬಿಸಿಯಾಗುತ್ತವೆ. ಮೊದಲ ದಿನ 25-30 ಕಿಲೋಮೀಟರ್ ಮೆಲ್ಲಗೆ ಓಡಿಸಿ, ಅರ್ಧ ಗಂಟೆ ನಿಲ್ಲಿಸಿ ಪೂರ್ತಿ ಆರಲು ಬಿಡಿ. ಹೀಗೆ ಮೂರು ನಾಲ್ಕು ಸಲ. 800 ಕಿಲೋಮೀಟರ್ ಆಗುವ ತನಕ ಟ್ರೇಲರ್ ಎಳೆಯಬೇಡಿ, ಉದ್ದದ ಬೆಟ್ಟ ಹತ್ತಬೇಡಿ, ಬಂಡೆ ಕಡೆಗೂ ಬೇಡ.

ಕಿವಿ ಕೊಟ್ಟು ಓಡಿಸಿ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಊಳು ಕೇಳಿ, ಬಿಟ್ಟಾಗ ನಿಂತರೆ, ಅಥವಾ ಬಿಟ್ಟಾಗ ಮಾತ್ರ ಕೇಳಿದರೆ, ಪಿನಿಯನ್ ಆಳ ಸರಿಯಿಲ್ಲದಿರುವ ಸಾಧ್ಯತೆ ಜಾಸ್ತಿ. ವೇಗಕ್ಕೆ ತಕ್ಕಂತೆ ಏರುವ ಗುರ್ ಶಬ್ದ ಸದಾ ಇದ್ದರೆ ಬೇರಿಂಗ್ ನೋಡಿ. ಆದರೆ ಮಣ್ಣಿನ ಟೈರುಗಳೂ ಹಾಡುತ್ತವೆ, ಅದಕ್ಕೇ ಮೊದಲು ಹಳೆ ಟೈರಿನಲ್ಲೇ ಒಂದು ಸುತ್ತು ಹೋಗಿ ಬನ್ನಿ, ಆಗ ಗೇರಿನ ಸದ್ದು ಬೇರೆಯಾಗಿ ತಿಳಿಯುತ್ತದೆ.

800 ಆದ ಮೇಲೆ ಎರಡೂ ಕವರ್ ಬಿಚ್ಚಿ ಎಣ್ಣೆ ಬದಲಿಸಿ. ಲಿಮಿಟೆಡ್ ಸ್ಲಿಪ್ ಇದ್ದರೆ ಫ್ರಿಕ್ಷನ್ ಮಾಡಿಫೈಯರ್ ಸೇರಿಸುವುದು ಮರೆಯಬೇಡಿ. ಹಳೆ ಎಣ್ಣೆಯಲ್ಲಿ ಬೆರಳದ್ದಿ ಬೆಳಕಿಗೆ ಹಿಡಿಯಿರಿ, ಕವರಿನ ತಳವನ್ನೂ ಒರೆಸಿ ನೋಡಿ. ವಿಭೂತಿ ಕಲಸಿದ ಹಾಗೆ ನುಣ್ಣನೆಯ ಬೂದು ಪುಡಿ ಇದ್ದರೆ ಸರಿ, ಹಲ್ಲು ಹಲ್ಲಿಗೆ ಹೊಂದಿಕೊಂಡ ಪುಡಿ ಅದು. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಹಳದಿ ಬಣ್ಣದ ಡಬ್ಬಿ ಮತ್ತೆ ಹೊರಗೆ ತೆಗೆಯಿರಿ.